ಗ್ಲಿಸರಿನ್ ಇಲ್ಲದ ಕಣ್ಣೀರು

ತಿಪಟೂರಿನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಪತ್ರ ಅನ್ನುವುದಕ್ಕಿಂತ ಹೆಂಡತಿಯ ಮೇಲೆ ಸಲ್ಲಿಸಿದ ಫಿರ್ಯಾದು ಅನ್ನಬಹುದು! "ಸ್ವಾಮೀ, ನನ್ನ ಮನೆಯಾಕೆ ಸಿನಿಮಾಗೆ ಬಂದರೆ ಇಂಟರ್ವಲ್ಲಿಗೆ ಮುಂಚೆಯೇ ಸೆರಗು ಒದ್ದೆ ಮಾಡಿಕೊಳ್ಳುತ್ತಾಳೆ. ಆದರೆ ಟೀವಿ ವಾರ್ತೆಯಲ್ಲಿ ಭೂಕಂಪ, ಅಪಘಾತ, ಯುದ್ಧ ಅಂತ ನಿಜವಾದ ಸಾವುನೋವು ತೋರಿಸಿದರೆ 'ಆರಿಸ್ರೀ ಅದನ್ನ' ಅಂತ ಎದ್ದು ಅಡುಗೆಮನೆ ಸೇರಿಬಿಡುತ್ತಾಳೆ. ಸುಳ್ಳು ಸಾವಿಗೆ ಅಳುವವಳು ನಿಜವಾದ ಸಾವಿಗೆ ಬೆನ್ನು ತಿರುಗಿಸುತ್ತಾಳಲ್ಲ, ಇವಳದ್ದೇನು ಕಲ್ಲು ಹೃದಯವೇ?"

ಕೇಳಬೇಕಾದ ಪ್ರಶ್ನೆಯೇ. ಯಾವ ನಟಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು ಅನ್ನೋ ಸಮಾಚಾರ ಮುಂದಿನ ಪುಟದಲ್ಲಿದೆ, ಅವಸರ ಇದ್ದವರು ಅಲ್ಲಿಗೆ ದಯಮಾಡಿಸಬಹುದು. ಉಳಿದವರು ಸ್ವಲ್ಪ ನನ್ನ ಜೊತೆ ಕೂತ್ಕೊಳ್ಳಿ. ಬಸ್ಸು ಹೊರಡೋಕೆ ಹೇಗೂ ಇನ್ನೂ ಹೊತ್ತಿದೆ.

★

ಮೊದಲು ಥಿಯೇಟರಿನ ಕಣ್ಣೀರಿನ ಲೆಕ್ಕ ನೋಡೋಣ.

1971ರಲ್ಲಿ ದೊರೈ-ಭಗವಾನ್ ಜೋಡಿಯ 'ಕಸ್ತೂರಿ ನಿವಾಸ' ಬಂತು. ಕೊಟ್ಟು ಕೊಟ್ಟು ಬರಿಗೈಯಾದ ನಾಯಕ ಕೊನೆಗೆ ಕಣ್ಣು ಮುಚ್ಚುತ್ತಾನೆ. ಅತ್ತವರು ಒಬ್ಬರೇ, ಇಬ್ಬರೇ? ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಮೂಗು ಒರೆಸುವವರೇ! 2014ರಲ್ಲಿ ಅದೇ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಕಥೆ ಗೊತ್ತು, ಪಾರಿವಾಳದ ಗತಿ ಗೊತ್ತು, ಕೊನೆ ಗೊತ್ತು. ಆದರೂ ಜನ ಹೋದರು, ಅತ್ತರು, ಕಣ್ಣೊರೆಸಿಕೊಂಡು ಹೊರಗೆ ಬಂದು ಮಸಾಲೆ ದೋಸೆ ತಿಂದರು.

ಅಷ್ಟು ಧಾರಾಳವಾಗಿ ಯಾಕೆ ಅಳ್ತೀವಿ? ಅಣ್ಣಾವ್ರು ನಿಜವಾಗಿ ಹೋಗಿಲ್ಲ ಅನ್ನೋದು ಆಗ ಎಲ್ಲರಿಗೂ ಗೊತ್ತಿತ್ತು. ಮರುವರ್ಷ 1972ರಲ್ಲಿ 'ಬಂಗಾರದ ಮನುಷ್ಯ'ನಾಗಿ ಅವರೇ ಎದುರಿಗೆ ಬಂದು ನಿಂತರಲ್ಲ! ಸಿನಿಮಾದ ದುಃಖಕ್ಕೆ ಒಂದು ಅಳತೆ ಇದೆ ಸ್ವಾಮಿ. ಎರಡೂವರೆ ಗಂಟೆಯ ಬಾಬತ್ತು. ಎಲ್ಲಿ ಅಳಬೇಕು ಅಂತ ಪಿಟೀಲು ಮುಂಚೆಯೇ ಸುಳಿವು ಕೊಡುತ್ತದೆ. ಕತ್ತಲೆ ಇರೋದರಿಂದ ಪಕ್ಕದ ಸೀಟಿನವರಿಗೆ ಕಾಣುವುದಿಲ್ಲ. ಕೊನೆಗೆ ತೆರೆಯ ಮೇಲೆ 'ಶುಭಂ' ಅಂತ ಬೀಳುತ್ತದೆ, ದುಃಖದ ಖಾತೆ ಅಲ್ಲಿಗೆ ಚುಕ್ತಾ. ನಟಿಯ ಕಣ್ಣಿನದು ಗ್ಲಿಸರಿನ್, ನಮ್ಮ ಕಣ್ಣಿನದು ಅಸಲಿ. ಇರಲಿ ಬಿಡಿ, ಅದರಿಂದ ಯಾರಿಗೂ ನಷ್ಟ ಇಲ್ಲ, ಮನಸ್ಸು ಹಗುರ.

ಸುದ್ದಿಯ ಚಿತ್ರದಲ್ಲಿ ಈ ಸೌಕರ್ಯ ಒಂದೂ ಇಲ್ಲ. ಅಲ್ಲಿ ಬಿದ್ದಿರುವವರು ಕಾಲ್‌ಶೀಟ್ ಕೊಟ್ಟು ಬಂದವರಲ್ಲ. ಪ್ಯಾಕಪ್ ಆದ ಮೇಲೆ ಮೇಕಪ್ ಒರೆಸಿಕೊಂಡು ಮನೆಗೆ ಹೋಗುವವರೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ 'ಶುಭಂ' ಬೀಳುವುದಿಲ್ಲ. ಅತ್ತರೆ ಆ ಅಳುವನ್ನು ತಗೊಂಡು ಹೋಗಿ ಎಲ್ಲಿ ಇಡೋದು? ತಿಪಟೂರಿನ ಆ ತಾಯಿ ಎದ್ದು ಹೋಗೋದು ಇದಕ್ಕೇ ಇರಬೇಕು ಅಂತ ನನ್ನ ಗುಮಾನಿ.

★

ಅಂಥ ಚಿತ್ರ ಎಂದರೆ ನನಗೆ ಮೊದಲು ನೆನಪಾಗುವುದು ಭೋಪಾಲ್.

1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಊರಿನ ಮೇಲೆ ಹರಡಿತ್ತು. ಸತ್ತವರು ಸಾವಿರಾರು. ಎಷ್ಟು ಸಾವಿರ ಅನ್ನುವುದರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಆದರೆ ಭೋಪಾಲ್ ಅಂದ ಕೂಡಲೇ ಕಣ್ಣ ಮುಂದೆ ಬರೋದು ಆ ಸಂಖ್ಯೆಯಲ್ಲ, ಒಂದು ಮಗುವಿನ ಮುಖ. ಮಣ್ಣಿನಲ್ಲಿ ಅರ್ಧ ಹೂತ, ಕಣ್ಣು ತೆರೆದೇ ಇದ್ದ ಪುಟ್ಟ ಮುಖ, ಅದರ ಮೇಲೆ ಕೊನೆಯ ಬಾರಿಗೆ ಆಡುತ್ತಿರುವ ಒಂದು ಕೈ. ರಘು ರಾಯ್ ಕಪ್ಪು-ಬಿಳುಪಿನಲ್ಲಿ ತೆಗೆದರು, ಪಾಬ್ಲೋ ಬಾರ್ತಲೋಮ್ಯೂ ಬಣ್ಣದಲ್ಲಿ ತೆಗೆದರು. ಪಾಬ್ಲೋ ಅವರ ಚಿತ್ರಕ್ಕೆ 1984ರ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿಯೂ ಬಂತು. ಮಗು ಯಾರದು ಅಂತ ಮಾತ್ರ ತಿಳಿಯಲೇ ಇಲ್ಲ.

ಸಾವಿರಾರು ಅಂದಾಗ ಅಲುಗದ ಕರುಳು ಒಂದು ಮುಖಕ್ಕೆ ಕಿವುಚಿಕೊಳ್ಳುತ್ತದಲ್ಲ, ಇದೇನು ಮಾಯೆ? ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮೂವರು ಪಂಡಿತರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿ. ಜನರ ಕೈಗೆ ಐದೈದು ಡಾಲರ್ ಕೊಟ್ಟರು, ಇಷ್ಟ ಬಂದಷ್ಟು ದಾನ ಮಾಡಿ ಅಂದರು. ಒಂದು ಗುಂಪಿಗೆ ಆಫ್ರಿಕದಲ್ಲಿ ಲಕ್ಷಾಂತರ ಜನ ಹಸಿದಿರುವ ಅಂಕಿಅಂಶ ಓದಿಸಿದರು. ಇನ್ನೊಂದು ಗುಂಪಿಗೆ ಮಾಲಿ ದೇಶದ ಏಳು ವರ್ಷದ ಒಬ್ಬಳೇ ಹುಡುಗಿಯ ಚಿತ್ರ ತೋರಿಸಿದರು. ಹುಡುಗಿಯನ್ನು ನೋಡಿದವರು ಅಂಕಿ ಓದಿದವರ ಸುಮಾರು ಎರಡರಷ್ಟು ಕೊಟ್ಟರು. ಮೂರನೇ ಗುಂಪಿಗೆ ಹುಡುಗಿಯನ್ನೂ ತೋರಿಸಿ ಅಂಕಿಯನ್ನೂ ಓದಿಸಿದರು. ಇನ್ನೂ ಹೆಚ್ಚು ಕೊಡಬೇಕಿತ್ತು ತಾನೇ? ಹುಡುಗಿಯನ್ನು ಮಾತ್ರ ನೋಡಿದವರಿಗಿಂತ ಎಷ್ಟೋ ಕಮ್ಮಿ ಕೊಟ್ಟರು!

ಲೆಕ್ಕ ಶುರುವಾದ ಕೂಡಲೇ ಕರುಳು ಹಿಂದೆ ಸರಿಯುತ್ತದೆ. ಗಾಂಧಿನಗರದವರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತು. ಬರಗಾಲ ತೋರಿಸಬೇಕಾದರೆ ಹತ್ತು ಸಾವಿರ ಎಕ್ಸ್‌ಟ್ರಾಗಳನ್ನು ಕರೆಸುವುದಿಲ್ಲ. ಒಬ್ಬ ತಾಯಿಯ ಖಾಲಿ ಗಡಿಗೆಯ ಮೇಲೆ ಕ್ಯಾಮೆರಾ ಇಡುತ್ತಾರೆ.

★

ಆ ಒಂದು ಮುಖಕ್ಕೆ ಅತ್ತ ಕಣ್ಣೀರು ಎಷ್ಟು ದಿನ ಓಡುತ್ತದೆ? ಅದಕ್ಕೂ ಲೆಕ್ಕ ಸಿಗುತ್ತದೆ.

2015ರ ಸೆಪ್ಟೆಂಬರ್ 2ರಂದು ತುರ್ಕಿ ದೇಶದ ಬೋಡ್ರಮ್ ಕಡಲತೀರದಲ್ಲಿ ಕೆಂಪು ಅಂಗಿ ತೊಟ್ಟ ಒಂದು ಪುಟ್ಟ ಹುಡುಗನ ದೇಹ ಮರಳಿಗೆ ಮುಖವಿಟ್ಟು ಮಲಗಿತ್ತು. ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಹೊರಟವರ ದೋಣಿ ಮಗುಚಿತ್ತು. ನಿಲುಫೆರ್ ದೆಮಿರ್ ಎಂಬ ಮಹಿಳೆ ತೆಗೆದ ಆ ಚಿತ್ರ ಮರುದಿನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನಾಲ್ಕು ವರ್ಷದಿಂದ ಲಕ್ಷಗಟ್ಟಲೆ ಜನ ಸತ್ತ ಸುದ್ದಿ ಓದಿಕೊಂಡು ಕಾಫಿ ಕುಡಿಯುತ್ತಿದ್ದ ಲೋಕ ಲೋಟ ಕೆಳಗಿಟ್ಟಿತು. ಸ್ವೀಡನ್ನಿನ ರೆಡ್‌ಕ್ರಾಸ್ ನಿರಾಶ್ರಿತರಿಗಾಗಿ ತೆರೆದಿದ್ದ ನಿಧಿಗೆ ಆ ವಾರ ದಿನವೂ ಬಂದ ದೇಣಿಗೆಗಳ ಸಂಖ್ಯೆ ಹಿಂದಿನ ವಾರದ ನೂರು ಪಟ್ಟಿಗೂ ಹೆಚ್ಚು!

ಆಮೇಲೆ? ಆರು ವಾರ ಕಳೆಯುವಷ್ಟರಲ್ಲಿ ಅಲೆ ಇಳಿದುಹೋಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಐವತ್ತು ದಿನದ ಪೋಸ್ಟರ್ ಅಂಟಿಸುವ ಮೊದಲೇ ಚಿತ್ರ ಎತ್ತಂಗಡಿ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ, ನನಗೆ ಇಷ್ಟವಾದದ್ದು ಅದೇ. ಆ ಅಳುವಿನ ಬಿಸಿಯಲ್ಲೇ 'ತಿಂಗಳು ತಿಂಗಳು ಇಷ್ಟು ಕೊಡುತ್ತೇವೆ' ಎಂದು ಒಪ್ಪಿಕೊಂಡವರೂ ಇದ್ದರು. ತಿಂಗಳುಗಳು ಕಳೆದರೂ ಅವರಲ್ಲಿ ಹೆಚ್ಚಿನವರು ನಿಲ್ಲಿಸಲಿಲ್ಲ. ಕಣ್ಣೀರು ಎಲ್ಲರದೂ ಒಣಗಿತು. ಒಣಗುವ ಮೊದಲು ಅದಕ್ಕೊಂದು ಕೆಲಸ ಹಚ್ಚಿದವರದು ಮಾತ್ರ ಉಳಿಯಿತು.

★

ಹಾಗಾದರೆ ಟೀವಿ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡಿದವನೇ ಹೃದಯವಂತನೇ? ಊಹೂಂ.

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿಯಿತು. ಆಮೇಲೆ ನಾಲ್ಕು ಸಾವಿರಕ್ಕೂ ಮಿಕ್ಕಿ ಜನರನ್ನು ವಿಚಾರಿಸಿದರು. ಮುಂದಿನ ದಿನಗಳಲ್ಲಿ ದಿನಕ್ಕೆ ಆರು ಗಂಟೆ, ಅದಕ್ಕೂ ಮಿಗಿಲಾಗಿ ಅದೇ ಸುದ್ದಿ ನೋಡಿದವರ ತಳಮಳ ಸ್ಫೋಟದ ಜಾಗದಲ್ಲೇ ಇದ್ದವರ ತಳಮಳಕ್ಕಿಂತ ಹೆಚ್ಚಾಗಿತ್ತಂತೆ! ಆಶ್ಚರ್ಯ ಏನಿಲ್ಲ. ಜಾಗದಲ್ಲಿದ್ದವರ ಎದುರಿಗೆ ಬಾಂಬು ಆ ಹೊತ್ತಿಗೆ ಸಿಡಿದು ಮುಗಿಯಿತು. ಟೀವಿಯಲ್ಲಿ ಅದು ದಿನವಿಡೀ ಸಿಡಿಯುತ್ತಲೇ ಇರುತ್ತದೆ, ಮಧ್ಯೆ ಸಾಬೂನಿನ ಜಾಹೀರಾತು ಬೇರೆ.

ಆದ್ದರಿಂದ ತಿಪಟೂರಿನ ಮಿತ್ರರೇ, ನಿಮ್ಮಾಕೆಯದು ಕಲ್ಲು ಹೃದಯ ಅಲ್ಲ. ಕಲ್ಲಾಗಿದ್ದರೆ ಚುರುಮುರಿ ತಿನ್ನುತ್ತಾ ಕೊನೆವರೆಗೆ ನೋಡಿ, ಆಕಳಿಸಿ ಮಲಗುತ್ತಿದ್ದರು. ತಡೆಯಲಾರದವರೇ ಎದ್ದು ಹೋಗೋದು. ಹೆಣ್ಣುಮಗಳ ಮೇಲಿನ ಫಿರ್ಯಾದು ವಜಾ!

★

ಇಷ್ಟು ಹೇಳಿ ಮುಗಿಸಿದರೆ 'ಸರಿ, ಎಲ್ಲರೂ ಟೀವಿ ಆರಿಸಿ ಮಲಗೋಣ' ಅಂದ ಹಾಗಾಗುತ್ತದೆ. ಅದೂ ಸರಿಯಲ್ಲ. ನಮ್ಮ ನಾಡಿನ ಎರಡು ರಸ್ತೆಗಳ ಕಥೆ ಹೇಳುತ್ತೇನೆ.

2016ರ ಫೆಬ್ರವರಿ, ನೆಲಮಂಗಲದ ಹತ್ತಿರ ಹೆದ್ದಾರಿ. ಲಾರಿಗೆ ಸಿಕ್ಕಿ ಒಬ್ಬ ಯುವಕನ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಆತ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ನೋಡಿದವರ ಎದೆ ಒಡೆಯಿತು. ಆತನ ಕಣ್ಣುಗಳನ್ನು ದಾನವಾಗಿ ಪಡೆದರು. ಕೆಲವೇ ವಾರಗಳಲ್ಲಿ ಸರ್ಕಾರ ಆತನ ಹೆಸರಿನಲ್ಲೇ 'ಮುಖ್ಯಮಂತ್ರಿಗಳ ಸಾಂತ್ವನ-ಹರೀಶ್' ಯೋಜನೆ ತಂದಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ಸರ್ಕಾರವೇ ಭರಿಸುವ ಯೋಜನೆ ಅದು.

ಮರುವರ್ಷ, 2017ರ ಫೆಬ್ರವರಿ, ಕೊಪ್ಪಳ. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹದಿನೆಂಟರ ಹುಡುಗ ಬಸ್ಸಿಗೆ ಸಿಕ್ಕಿ ರಕ್ತದ ಮಡುವಿನಲ್ಲಿ ಬಿದ್ದು ಅಂಗಲಾಚುತ್ತಿದ್ದ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಹುಡುಗ ಉಳಿಯಲಿಲ್ಲ.

ಹಾಗೆ ನಿಂತವರೆಲ್ಲ ಖಳನಾಯಕರು ಅಂತ ನಾನು ಹೇಳುವುದಿಲ್ಲ. ಅವರ ಬಾಯಲ್ಲೂ 'ಅಯ್ಯೋ ಪಾಪ' ಬಂದಿರಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಇಂಥದ್ದನ್ನೇ ಅಂಗೈಯಲ್ಲಿ ನೋಡಿ ನೋಡಿ, ಎದುರಿಗೆ ಆದಾಗಲೂ ಕಾಲು ಪ್ರೇಕ್ಷಕನ ಜಾಗದಲ್ಲೇ ನಿಂತುಬಿಡುತ್ತದೆ. ಥಿಯೇಟರಿನಲ್ಲಿ ತೆರೆಯೊಳಕ್ಕೆ ಕೈಹಾಕಿ ನಾಯಕನನ್ನು ಎತ್ತಲು ಸಾಧ್ಯವಿಲ್ಲ. ರಸ್ತೆಯಲ್ಲಿ ಸಾಧ್ಯ. ಈ ವ್ಯತ್ಯಾಸ ಮರೆತರೆ ನಮ್ಮ ಕಣ್ಣೀರೂ ಗ್ಲಿಸರಿನ್ನೇ. 'ಪೊಲೀಸು, ಕೋರ್ಟು ಅಂತ ಅಲೆದಾಡಿಸ್ತಾರೆ' ಅನ್ನೋ ಭಯವೇ? ಗಾಯಾಳುವಿಗೆ ನೆರವಾದವರನ್ನು ಕಾಪಾಡುವುದಕ್ಕೆ ಕರ್ನಾಟಕ ತನ್ನದೇ ಕಾನೂನು ಮಾಡಿಕೊಂಡಿದೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ.

★

ಇನ್ನು ನಮ್ಮ ಚಿತ್ರರಂಗದ ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ಕಂಠೀರವ ಕ್ರೀಡಾಂಗಣದಲ್ಲಿ ಮಲಗಿದ್ದ ಅಪ್ಪುವನ್ನು ನಾಡಿಗೆ ನಾಡೇ ಟೀವಿಯಲ್ಲಿ ನೋಡಿತು. ತೆರೆಯ ಮೇಲೆ ಎಷ್ಟು ಸಲ ಬಿದ್ದು ಎದ್ದಿದ್ದ ಹುಡುಗ! ಈ ಸಲ ಏಳಲಿಲ್ಲ. 2022ರ ಮಾರ್ಚ್ 17ರಂದು 'ಜೇಮ್ಸ್' ಬಂದಾಗ ಅಪ್ಪು ನಕ್ಕ ಕಡೆಯೂ ಜನ ಅತ್ತರು. ತುಟಿ ತಮ್ಮನದು, ದನಿ ಅಣ್ಣ ಶಿವಣ್ಣನದು. ಸಿನಿಮಾದ ಕಣ್ಣೀರು ಯಾವುದು, ಸುದ್ದಿಯ ಕಣ್ಣೀರು ಯಾವುದು ಎಂದು ಅಲ್ಲಿ ಯಾರೂ ಬೇರೆ ಮಾಡಲಾರದೆ ಹೋದರು.

ಆದರೆ ಅಪ್ಪುವಿನ ಎರಡು ಕಣ್ಣುಗಳು ನಾಲ್ಕು ಜನರಿಗೆ ಬೆಳಕು ಕೊಟ್ಟವು. ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ಇಬ್ಬಿಬ್ಬರಿಗೆ ಹಾಕಿದರು ವೈದ್ಯರು. 2006ರಲ್ಲಿ ಅಣ್ಣಾವ್ರೂ ಕಣ್ಣು ಕೊಟ್ಟೇ ಹೋಗಿದ್ದರು. ಅಪ್ಪುವಿಗಾಗಿ ಅತ್ತ ಎಷ್ಟೋ ಹುಡುಗರು ಮುಖ ತೊಳೆದುಕೊಂಡು ಹೋಗಿ ನೇತ್ರದಾನಕ್ಕೆ ಹೆಸರು ಬರೆಸಿದರು. ನಿರ್ದೇಶಕ ಇಲ್ಲದ ಕಡೆ ಪ್ರೇಕ್ಷಕನೇ 'ಶುಭಂ' ಬರೆಯೋದು ಅಂದರೆ ಇದೇ.

ಆದ್ದರಿಂದ ನೋಡೋದಾದರೆ ಒಂದು ಸಲ ನೋಡಿ, ಸಾಕು. ಸತ್ತವರ ಮುಖವನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಬೇಡಿ, ಅವರ ಮನೆಯಲ್ಲೂ ಒಂದು ಮೊಬೈಲು ಇರುತ್ತದೆ. ಅಳು ಬಂದರೆ ಅತ್ತುಬಿಡಿ, ನಾಚಿಕೆ ಬೇಡ. ಆರುವ ಮೊದಲು ಒಂದು ಕೆಲಸ, ಹತ್ತು ರೂಪಾಯಿನದ್ದಾದರೂ ಸರಿ, ಮಾಡಿ.

ಅಗೋ, ಕಂಡಕ್ಟರು ಸೀಟಿ ಊದ್ತಾ ಇದ್ದಾರೆ, ಹತ್ತಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದು ಕಂಡರೆ ಮೊಬೈಲು ಜೇಬಿನಿಂದ ಧಾರಾಳವಾಗಿ ತೆಗೆಯಿರಿ. ಕ್ಯಾಮೆರಾ ಒತ್ತಬೇಡಿ, 108 ಒತ್ತಿ.