ಪುಸ್ತಕದ ಋಣ

ಅನ್ನವಿಟ್ಟವರ ಋಣವನ್ನು ಜನರು ಸುಲಭವಾಗಿ ಮರೆಯುವುದಿಲ್ಲ. ಅರಿವನ್ನಿತ್ತ ಪುಸ್ತಕದ ಋಣವನ್ನು ಮಾತ್ರ ಬಹುಬೇಗ ಮರೆಯುತ್ತಾರೆ. ಪರೀಕ್ಷೆ ಮುಗಿದ ದಿನವೇ ಪುಸ್ತಕವು ರದ್ದಿಯ ಅಂಗಡಿಯನ್ನು ಸೇರುವುದುಂಟು. ಇದು ಕೃತಘ್ನತೆಯೇ ಸರಿ.

ಕಿತ್ತೂರಿನ ಅರಮನೆ ಇಂದು ಹಾಳುಗೋಡೆಗಳಾಗಿ ನಿಂತಿದೆ. 1824ರಲ್ಲಿ ಆಂಗ್ಲರೊಡನೆ ಹೋರಾಡಿದ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಆಕೆಯ ನಚ್ಚಿನ ಬಂಟ ಸಂಗೊಳ್ಳಿ ರಾಯಣ್ಣನನ್ನು ಆಂಗ್ಲರು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಅಳಿಯಿತು, ರಾಯಣ್ಣನ ಕಥೆ ಅಳಿಯಲಿಲ್ಲ. ಲಾವಣಿಕಾರರು ಅದನ್ನು ಹಾಡುತ್ತ ಬಂದರು. 1885ರಿಂದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಆ ಲಾವಣಿಯನ್ನೂ ಅಚ್ಚಿಗೆ ತಂದರು. ಅವರು ಆಂಗ್ಲ ಸರಕಾರದ ಅಧಿಕಾರಿಗಳು! ಹಾಡಿದ ಕೊರಳುಗಳು ಎಂದೋ ಮೌನವಾದವು, ಅಕ್ಷರವು ಉಳಿಯಿತು.

ಆದರೆ ಅಚ್ಚಾದ ಮಾತ್ರಕ್ಕೆ ಪುಸ್ತಕವು ಓದುಗನನ್ನು ತಲುಪದು. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ಹಾಡಿದವರು, ಬರೆದವರು, ಹೊತ್ತು ತಂದವರು – ಇವರೆಲ್ಲರ ಶ್ರಮವೂ ಓದುಗನ ಕೈಯಲ್ಲಿರುವ ಪುಟದಲ್ಲಿ ಅಡಗಿದೆ.

ಈ ಋಣವು ಪುಸ್ತಕಕ್ಕೆ ಕೈಮುಗಿದ ಮಾತ್ರಕ್ಕೆ ತೀರದು. ರಾಮದುರ್ಗದ ಹುಡುಗನೊಬ್ಬನು ತಾನು ಓದಿದ ಪುಸ್ತಕವನ್ನು ನೆರೆಮನೆಯ ಗೆಳೆಯನಿಗೆ ಕೊಡಬಹುದು. ಸವದತ್ತಿಯ ಹುಡುಗಿಯೊಬ್ಬಳು ಓದುಬಾರದ ಅಜ್ಜಿಗೆ ಒಂದು ಅಧ್ಯಾಯವನ್ನು ಓದಿ ಹೇಳಿ, ಅಜ್ಜಿ ಬಲ್ಲ ಹಾಡನ್ನು ಬರೆದಿಡಬಹುದು. ಋಣವು ಸಲ್ಲುವುದು ಹೀಗೆಯೇ. ಓದಿದವನು ಓದಿಸಬೇಕು, ಪಡೆದವನು ಉಳಿಸಬೇಕು.