ವೈಫೈಗೂ ಬೇಕು ಒಂದು ಪಡಸಾಲೆ

ಮನೆಗೆ ಬಂದವರನ್ನೆಲ್ಲ ನೇರ ಅಡುಗೆಮನೆಗೆ ಬಿಟ್ಕೊಳ್ತೀವಾ? ಇಲ್ಲ ತಾನೆ! ವೈಫೈ ಪಾಸ್‌ವರ್ಡನ್ನು ಮಾತ್ರ ನೆಂಟರಿಗೆ, ಟ್ಯೂಷನ್‌ಗೆ ಬರೋ ಮಕ್ಕಳಿಗೆ, ಪಕ್ಕದ ಮನೆಯವರಿಗೆ ಧಾರಾಳವಾಗಿ ಹೇಳಿಬಿಡ್ತೀವಿ. ಯಜಮಾನರ ಆಫೀಸ್ ಲ್ಯಾಪ್‌ಟಾಪೂ ಅದರಲ್ಲೇ ಇದೆ ಅನ್ನೋದು ನೆನಪಿರಲಿ.

ರೂಟರ್ ಪ್ರತಿ ಉಪಕರಣಕ್ಕೂ ಒಂದು ನಂಬರ್ ಕೊಡುತ್ತದೆ, ಅಪಾರ್ಟ್‌ಮೆಂಟಿನ ಫ್ಲಾಟ್ ನಂಬರ್ ಇದ್ದ ಹಾಗೆ. ಅನೇಕ ಮನೆಗಳಲ್ಲಿ ಅದು 192.168.1 ಎಂದು ಶುರುವಾಗುತ್ತದೆ. ಆ ಸಾಲಿನಲ್ಲಿ 254 ಉಪಕರಣಗಳಿಗೆ ಜಾಗವಿದೆ. ಇಂಥ ಸಾಲಿಗೇ ಸಬ್‌ನೆಟ್ ಅನ್ನೋದು. ಒಂದೇ ಸಾಲಿನಲ್ಲಿರುವವು ಒಂದನ್ನೊಂದು ನೇರವಾಗಿ ಮಾತಾಡಿಸಬಲ್ಲವು.

ನನಗೆ ನೆಂಟರಿಗಿಂತ ಹೆಚ್ಚು ಅನುಮಾನ ಅಗ್ಗದ ಕ್ಯಾಮೆರಾಗಳ ಮೇಲೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತ್ತು. ಇಂಥವನ್ನು ಹೊರಗಿನ ಕೋಣೆಯಲ್ಲೇ ಕೂರಿಸಬೇಕು.

ರೂಟರ್ ಸೆಟ್ಟಿಂಗ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದ್ದರೆ ಆನ್ ಮಾಡಿ, ಬೇರೆ ಪಾಸ್‌ವರ್ಡ್ ಇಡಿ. ಕೆಲವು ರೂಟರ್‌ಗಳು ಅದಕ್ಕೆ 192.168.2ರಂಥ ಬೇರೆ ಸಾಲನ್ನೇ ಕೊಡುತ್ತವೆ. ನಂಬರ್ ಬೇರೆಯಾದರಷ್ಟೇ ಸಾಲದು, ಮಧ್ಯದ ಬಾಗಿಲಿಗೆ ಚಿಲಕವೂ ಬೇಕು. ಗೆಸ್ಟ್‌ಗಳನ್ನು ಒಳಗಿನ ನೆಟ್‌ವರ್ಕ್‌ಗೆ ಬಿಡುವ ಆಯ್ಕೆ ಆಫ್ ಆಗಿರಲಿ. ಟಿವಿಯನ್ನೂ ಅಲ್ಲಿಗೆ ಹಾಕಿದರೆ ಫೋನಿನಿಂದ ಅದಕ್ಕೆ ಫೋಟೊ ಕಳಿಸೋದು ನಿಲ್ಲಬಹುದು. ಮಕ್ಕಳು ಗೊಣಗ್ತಾರೆ, ಗೊಣಗಲಿ ಬಿಡಿ.

'ಇದೆಲ್ಲ ಯಜಮಾನರಿಗೇ ಗೊತ್ತು' ಅನ್ನಬೇಡಿ. ಹಗಲಿಡೀ ಮನೇಲಿರೋರು ನೀವು. ಕನೆಕ್ಷನ್ ಕೊಡೋ ಹುಡುಗ ಬಂದಾಗ ಪಕ್ಕದಲ್ಲೇ ನಿಂತು ಮಾಡಿಸಿ. ಅವನು ಹೋದ ಮೇಲೆ ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನು ನೀವೇ ಬದಲಿಸಿ.