ಎರಡು ದೋಷಗಳ ನಡುವಣ ಕಾಲ

ಇಬ್ರಾಹಿಂ ಕುತುಬ್ ಶಾಹನ ಆಳ್ವಿಕೆಯಲ್ಲಿ ನಿರ್ಮಿತವಾದ ಹುಸೇನ್ ಸಾಗರದ ದಡದಲ್ಲಿ, ನಿಜಾಮರ ಕಾಲದಲ್ಲಿ, 1920ರಲ್ಲಿ ಉಷ್ಣ ವಿದ್ಯುದಾಗಾರವೊಂದು ಸ್ಥಾಪಿತವಾಯಿತು. 1983ರಲ್ಲಿ ಅದು ನಿಂತುಹೋದ ಮೇಲೂ ಹೈದರಾಬಾದಿನ ದೀಪಗಳು ಆರಲಿಲ್ಲ; ಅನ್ಯತ್ರ ಉತ್ಪನ್ನವಾದ ವಿದ್ಯುತ್ತು ಹರಿದುಬಂದಿತು. ಒಂದೆಡೆಯ ಕೊರತೆಯನ್ನು ಮತ್ತೊಂದೆಡೆಯಿಂದ ತುಂಬಿಕೊಳ್ಳುವ ಈ ಸೌಭಾಗ್ಯವು ನೆಲದ ಮೇಲೆ ಬಾಳುವವರದು. ನಡುಗಡಲಿನ ಹಡಗಿಗೆ ಅದಿಲ್ಲ.

ಬೀದರದಿಂದಲೋ ರಾಯಚೂರಿನಿಂದಲೋ ಬಂದು ಈ ನಗರದಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಸಿಸುವ ತರುಣನು, ಸಮುದ್ರವನ್ನೇ ಕಾಣದೆ ಬೆಳೆದವನಾದರೂ, ತಕ್ಕ ತರಬೇತಿಯ ಬಳಿಕ ಹಡಗಿನ ವಿದ್ಯುದಧಿಕಾರಿಯಾಗಬಹುದು. ನಮ್ಮ ನಾವಿಕರು 'ಬತ್ತಿ ಸಾಬ್' ಎಂದು ಕರೆಯುವುದು ಇವನನ್ನೇ. 1880ರಲ್ಲಿ ಅಮೆರಿಕದ ಕೊಲಂಬಿಯ ನೌಕೆಯಲ್ಲಿ ಎಡಿಸನ್ನನ ದೀಪಗಳು ಬೆಳಗಿದಾಗ ವಿದ್ಯುತ್ತಿಗಿದ್ದ ಕಾರ್ಯ ಬೆಳಕನ್ನೀಯುವುದಷ್ಟೇ. ಇಂದಾದರೋ ಚುಕ್ಕಾಣಿ, ಪಂಪು, ರೇಡಾರುಗಳೆಲ್ಲವೂ ಅದಕ್ಕೆ ಅಧೀನವಾಗಿವೆ. 2010ರಲ್ಲಿ ಮನಿಲಾದಲ್ಲಿ ನಾವಿಕಶಿಕ್ಷಣದ ಅಂತಾರಾಷ್ಟ್ರೀಯ ಒಡಂಬಡಿಕೆಯು ಪರಿಷ್ಕೃತವಾದಾಗ ಈ ಹುದ್ದೆಗೆ ಪ್ರತ್ಯೇಕ ಅರ್ಹತಾನಿಯಮಗಳು ಏರ್ಪಟ್ಟುದು ಯುಕ್ತವೇ ಆಯಿತು.

ಈ ವೃತ್ತಿಯ ಮರ್ಮವನ್ನು ಅರಿಯಬೇಕಾದರೆ ಹಡಗಿನ ವಿದ್ಯುದ್ವ್ಯವಸ್ಥೆಯ ಒಂದು ವೈಶಿಷ್ಟ್ಯವನ್ನು ನೋಡಬೇಕು. ನಮ್ಮ ಮನೆಗಳಲ್ಲಿ ವಿದ್ಯುತ್ತು ಮರಳುವ ತಂತಿಯಾದ ನ್ಯೂಟ್ರಲ್ಲನ್ನು ಭೂಮಿಗೆ ಜೋಡಿಸಿರುತ್ತಾರೆ. ತಂತಿಯೊಂದು ಸೋರಿ ನೆಲವನ್ನು ಮುಟ್ಟಿದೊಡನೆ ಸಾಮಾನ್ಯವಾಗಿ ಫ್ಯೂಸು ಹಾರಿ ಆ ಭಾಗವು ಕತ್ತಲಾಗುವುದು. ಬಹುಪಾಲು ಹಡಗುಗಳ 440 ವೋಲ್ಟಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ಲನ್ನು ಹಡಗಿನ ಒಡಲಿಗೆ ಜೋಡಿಸುವುದಿಲ್ಲ. ಇಕ್ಕಟ್ಟಾದ ಕಾಲುವೆಯಲ್ಲಿ ಸಾಗುತ್ತಿರುವಾಗ ಒಂದು ತಂತಿ ಸೋರಿದ ಮಾತ್ರಕ್ಕೆ ಚುಕ್ಕಾಣಿಯ ಮೋಟಾರು ನಿಂತುಬಿಡಬಾರದಷ್ಟೆ. ಆದುದರಿಂದ ಮೊದಲನೆಯ ದೋಷವನ್ನು ಹಡಗು ಸಹಿಸಿಕೊಳ್ಳುವುದು. ವಿದ್ಯುತ್ತನ್ನು ಒಯ್ಯುವ ಮೂರು ತಂತಿಗಳಿಗೆ, ಎಂದರೆ ಫೇಸುಗಳಿಗೆ, ಒಂದೊಂದರಂತೆ ಫಲಕದ ಮೇಲಿರುವ ಮೂರು ದೀಪಗಳಲ್ಲಿ ಒಂದು ಮಂಕಾಗುವುದು ಅದರ ಸೂಚನೆ. ಆದರೆ ಮತ್ತೊಂದು ಫೇಸಿನಲ್ಲಿ ಎರಡನೆಯ ದೋಷವು ತಲೆದೋರಿತೆಂದರೆ ಅದು ಶಾರ್ಟ್ ಸರ್ಕ್ಯೂಟಿಗೆ ಸಮಾನ. ಬತ್ತಿ ಸಾಬನ ಕರ್ತವ್ಯವೆಲ್ಲ ಈ ಎರಡರ ನಡುವಣ ಕಾಲದಲ್ಲಿದೆ. ಒಂದೊಂದೇ ಶಾಖೆಯನ್ನು ಕ್ಷಣಕಾಲ ಕಡಿದು, ಮೂರು ದೀಪಗಳೂ ಸಮನಾಗಿ ಬೆಳಗುವುದನ್ನು ಕಾದು, ಅಡುಗೆಮನೆಯ ಒಲೆಯಲ್ಲೋ, ಉಪ್ಪುನೀರು ಹೊಕ್ಕ ಡೆಕ್ಕಿನ ದೀಪದಲ್ಲೋ ಅಡಗಿರುವ ಸೋರಿಕೆಯನ್ನು ಅವನು ಪತ್ತೆಹಚ್ಚುತ್ತಾನೆ.

ಈ ಎಚ್ಚರದ ಬೆಲೆಯನ್ನು 2024ರ ಮಾರ್ಚ್ 26ರ ದುರಂತವು ಲೋಕಕ್ಕೆ ತಿಳಿಸಿತು. ಬಾಲ್ಟಿಮೋರ್ ಬಂದರಿನಿಂದ ಹೊರಟಿದ್ದ 'ಡಾಲಿ' ಹಡಗು ವಿದ್ಯುತ್ತನ್ನು ಕಳೆದುಕೊಂಡು, ಮರಳಿ ಪಡೆದು, ಪುನಃ ಕಳೆದುಕೊಂಡು, ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆಯ ಮೇಲೆ ದುಡಿಯುತ್ತಿದ್ದ ಆರು ಮಂದಿ ಮಡಿದರು. ಮೊದಲನೆಯ ಕತ್ತಲೆಗೆ ಕಾರಣವೇನೆಂದು ಅಮೆರಿಕದ ತನಿಖಾಮಂಡಳಿಯು ಶೋಧಿಸಿದಾಗ ಕಂಡುಬಂದುದು ಸಡಿಲವಾಗಿದ್ದ ಒಂದೇ ಒಂದು ತಂತಿ: ಅದಕ್ಕೆ ತೊಡಿಸಿದ್ದ ಹೆಸರುಪಟ್ಟಿಯೇ ಅಡ್ಡವಾಗಿ, ತುದಿಯು ತನ್ನ ಗೂಡಿನೊಳಗೆ ಪೂರ್ಣವಾಗಿ ಕುಳಿತಿರಲಿಲ್ಲ.

ಮೊದಲನೆಯ ದೋಷವನ್ನು ಸಹಿಸಬಲ್ಲ ಶಕ್ತಿಯು ವ್ಯವಸ್ಥೆಗೆ ವರವೂ ಹೌದು, ಅಪಾಯವೂ ಹೌದು. ಕೆಲಸವು ನಡೆಯುತ್ತಲೇ ಇರುವುದರಿಂದ ದೋಷವಿದೆಯೆಂಬುದೇ ಮನಸ್ಸಿಗೆ ಬಾರದು. ನಮ್ಮ ಸಂಸ್ಥೆಗಳಲ್ಲಿಯೂ ಮಂಕಾದ ದೀಪವನ್ನು ಕಂಡೂ 'ಸದ್ಯಕ್ಕೆ ನಡೆಯುತ್ತಿದೆಯಲ್ಲ' ಎಂದು ಸಮಾಧಾನಪಟ್ಟುಕೊಳ್ಳುವವರೇ ಬಹಳ. ಸಹನೆಯು ನಮಗೆ ದಯಪಾಲಿಸುವುದು ಅವಕಾಶವನ್ನೇ ಹೊರತು ಕ್ಷಮೆಯನ್ನಲ್ಲ.

ಕತ್ತಲೆ ಕವಿದ ಮೇಲೆ ದೀಪ ಹಚ್ಚಿದವನನ್ನು ಎಲ್ಲರೂ ಕೊಂಡಾಡುತ್ತಾರೆ. ಕತ್ತಲೆಯೇ ಬಾರದಂತೆ ನೋಡಿಕೊಂಡವನ ದುಡಿಮೆಗೆ ಕುರುಹೇ ಉಳಿಯುವುದಿಲ್ಲ. ಬಂದರಿನಲ್ಲಿ ಹಡಗು ನಿಲ್ಲುವ ಅವಧಿಯನ್ನು ಗಂಟೆಗಂಟೆಗೂ ಲೆಕ್ಕವಿಟ್ಟು ಕುಗ್ಗಿಸುವ ಒಡೆಯರು, ತಂತಿಯೊಂದೊಂದನ್ನೂ ಎಳೆದು ನೋಡುವಷ್ಟು ಬಿಡುವನ್ನು ಈ ಮನುಷ್ಯನಿಗೆ ಕೊಡಬೇಕು. ಆ ಬಿಡುವು ಅವನಿಗೆ ತೋರುವ ಔದಾರ್ಯವಲ್ಲ. ಹಡಗಿನಲ್ಲಿರುವವರಿಗೂ ಅದರ ಹಾದಿಯಲ್ಲಿರುವವರಿಗೂ ಸಲ್ಲಬೇಕಾದ ಋಣ.